ಕೊನೆಯ ಕುಳಿಯ ನೀರು

ಮಾರ್ಚ್ ೩

ಈ ನೋಟ್‌ಬುಕ್ಕು ಲ್ಯಾಬಿನದು. ರಟ್ಟಿನ ಮೇಲೆ ‘ಫ್ರೀಜರ್ ಉಷ್ಣತೆ’ ಎಂದು ಬರೆದಿದೆ. ಮೊದಲ ನಾಲ್ಕು ಪುಟ ಬರೀ ಮೈನಸ್ ಎಂಬತ್ತು, ಮೈನಸ್ ಎಪ್ಪತ್ತೊಂಬತ್ತು. ಫ್ರೀಜರಿಗೂ ಕಂಪ್ಯೂಟರು ಬಂದ ಮೇಲೆ ಕಸದ ಬುಟ್ಟಿಗೆ ಹೋಗುವುದಿತ್ತು, ಎತ್ತಿಕೊಂಡು ಬಂದೆ. ಆಡಲಾಗದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದರೆ ನನಗೆ ತಲೆನೋವು ಬರುತ್ತದೆ.

ತಂಗಿ ಬಸುರಿ. ಆರು ವರ್ಷ ಕಾದ ಮೇಲೆ. ಬೆಳಿಗ್ಗೆ ಫೋನು ಮಾಡಿ “ಅಕ್ಕ, ಏಳು ವಾರ” ಎಂದಳು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ಅತ್ತೆ. ಅವಳು ಅಳಲಿಲ್ಲ. ಕೇಳಿದಳು, “ನಿಮ್ಮ ಲ್ಯಾಬಿಗೆ ಪಿಟೀಲಿನ ರಕ್ತ ಕೊಟ್ಟಿದ್ರಲ್ಲ, ಅದರಲ್ಲಿ ಏನಾದ್ರೂ ಗೊತ್ತಾಯ್ತಾ?”

ಪಿಟೀಲು ನನ್ನ ಮಗಳು. ಎಂಟು ವರ್ಷ. ಹುಟ್ಟಿದಾಗಿನಿಂದ ಒಂದೇ ಸ್ವರ ಹಿಡಿದು ಗುಂಯ್ ಎನ್ನುತ್ತಾಳೆ, ಅದಕ್ಕೆ ಇವರು ಇಟ್ಟ ಹೆಸರು. ಈಗ ಶಾಲೆಯಲ್ಲೂ ಹಾಗೇ ಕರೆಯುತ್ತಾರೆ. ಆಡುವ ಮಾತು ಹತ್ತೋ ಹನ್ನೆರಡೋ. ಅದರಲ್ಲಿ ಅತಿ ಹೆಚ್ಚು ಬಳಕೆಯಾಗುವುದು “ಹೀಗಲ್ಲ”. ಅಂಗಿ ತೊಡಿಸಿದರೆ ಹೀಗಲ್ಲ, ತಲೆ ಬಾಚಿದರೆ ಹೀಗಲ್ಲ. ನನ್ನ ಅತ್ತೆಗಿಂತ ಹೆಚ್ಚು ತಪ್ಪು ಹಿಡಿಯುವ ಪ್ರಾಣಿ ಈ ಮನೆಯಲ್ಲಿ ಇವಳೊಬ್ಬಳೇ.

“ಇನ್ನೂ ಇಲ್ಲ ಕಣೆ, ಟೈಮ್ ತಗೊಳ್ಳುತ್ತೆ” ಎಂದೆ ತಂಗಿಗೆ. “ಗೊತ್ತಾದ ತಕ್ಷಣ ಹೇಳು. ಪ್ರಾಮಿಸ್ ಮಾಡು” ಎಂದಳು. ಮಾಡಿದೆ.

ಮಾರ್ಚ್ ೬

ಬೆಳಿಗ್ಗೆಯೇ ರಾಮಾಯಣ. ಪಿಟೀಲು ಮೊಟ್ಟೆಯ ಟ್ರೇ ಒಂದರಲ್ಲಿ ಬಾಟಲಿ ಮುಚ್ಚಳಗಳನ್ನು ಜೋಡಿಸಿಡುತ್ತಾಳೆ, ಕುಳಿಗೊಂದು ಮುಚ್ಚಳ, ಎಲ್ಲವೂ ನೀಲಿ. ಕಸ ಗುಡಿಸುವಾಗ ಟ್ರೇ ಎತ್ತಿ ಮತ್ತೆ ಇಟ್ಟೆ. ಅಷ್ಟೇ. ಕಿರುಚಾಟ, ನೆಲಕ್ಕೆ ತಲೆ ಚಚ್ಚಿಕೊಳ್ಳುವುದು, ಹೀಗಲ್ಲ ಹೀಗಲ್ಲ. ಅರ್ಧ ಗಂಟೆಯ ಮೇಲೆ ಅರ್ಥವಾಯಿತು, ನಾನು ಅದನ್ನು ತಿರುಗಿಸಿಟ್ಟಿದ್ದೆ. ಆ ತುದಿ ಈ ಕಡೆ ಬಂದಿತ್ತು. ಎರಡೂ ತುದಿ ಒಂದೇ ಥರ, ಮುಚ್ಚಳಗಳೂ ಒಂದೇ ಥರ. ಏನು ಮುಳುಗಿಹೋಗುತ್ತಿತ್ತು? ಅವಳೇ ತಿರುಗಿಸಿ ಇಟ್ಟುಕೊಂಡು ಗುಂಯ್ ಎನ್ನತೊಡಗಿದಳು. ನನಗೆ ಬಸ್ಸು ತಪ್ಪಿತು.

ಇವತ್ತೇ ರಕ್ತದಿಂದ ತೆಗೆದ ಡಿಎನ್‌ಎಯನ್ನು ಪ್ಲೇಟಿಗೆ ತುಂಬುವ ದಿನ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ತೊಂಬತ್ತಾರು ಕುಳಿ. ಒಂದೊಂದು ಸಂಸಾರಕ್ಕೆ ಮೂರು: ಅಮ್ಮ, ಮಗು, ಅಪ್ಪ. ಮಗು ಯಾವಾಗಲೂ ನಡುವೆ, ಹಾಸಿಗೆಯಲ್ಲಿ ಮಲಗಿದ ಹಾಗೆ. ಮಗುವಿನಲ್ಲಿ ಕಂಡ ಜೀನ್ ಬದಲಾವಣೆ ಅಮ್ಮನಿಂದ ಬಂತೋ, ಅಪ್ಪನಿಂದ ಬಂತೋ, ಇಬ್ಬರಲ್ಲೂ ಇಲ್ಲದೆ ಹೊಸದಾಗಿ ಹುಟ್ಟಿತೋ ಎಂದು ನೋಡುವುದು ನಮ್ಮ ಕೆಲಸ. ಆಟಿಸಂ ಇರುವ ಮಕ್ಕಳ ಮೂವತ್ತೊಂದು ಸಂಸಾರ. ಉಳಿದ ಮೂರು ಕುಳಿಯಲ್ಲಿ ಎರಡಕ್ಕೆ ಮೊದಲೇ ಗೊತ್ತಿರುವ ಮಾದರಿ, ಕೊನೆಯದಕ್ಕೆ ಬರೀ ನೀರು. ನೀರಿನಲ್ಲಿ ಯಾರಾದರೂ ಕಾಣಿಸಿಕೊಂಡರೆ ಎಲ್ಲೋ ಎಡವಟ್ಟಾಗಿದೆ ಎಂದು ಲೆಕ್ಕ.

ಹೆಸರಿಲ್ಲ, ಬರೀ ನಂಬರು. ನಮ್ಮದು ಹದಿನಾಲ್ಕು. ನನಗೆ ಗೊತ್ತಿರಬಾರದು. ಆದರೆ ರಕ್ತ ತೆಗೆದವಳೂ ಚೀಟಿ ಅಂಟಿಸಿದವಳೂ ನಾನೇ ಆದರೆ ಕಣ್ಣು ಕಟ್ಟಿಕೊಂಡು ಓಡಾಡಲಾಗುತ್ತದೆಯೇ? ೧೪-೧ ನಾನು, ೧೪-೨ ಪಿಟೀಲು, ೧೪-೩ ಇವರು.

ಹೊಸ ಪ್ಲೇಟುಗಳು ಅಗ್ಗದವು. ಹಳೆಯದಕ್ಕೆ ಮೊದಲ ಕುಳಿ ಯಾವ ಕಡೆ ಎಂದು ತಿಳಿಯಲು ಒಂದು ಮೂಲೆ ಕತ್ತರಿಸಿರುತ್ತಿತ್ತು, ಇದಕ್ಕೆ ಅದೂ ಇಲ್ಲ. ನಾನೇ ಮಾರ್ಕರಿನಿಂದ ಒಂದು ಮೂಲೆಗೆ ಚುಕ್ಕೆ ಇಟ್ಟುಕೊಂಡು ತುಂಬಿದೆ. ಮುಗಿಯುವ ಹೊತ್ತಿಗೆ ಶಾಲೆಯಿಂದ ಫೋನು, ಪಿಟೀಲು ಯಾರನ್ನೋ ಕಚ್ಚಿದ್ದಾಳೆ. ಪ್ಲೇಟಿಗೆ ಮುಚ್ಚಳ ಅಂಟಿಸಿ, ಸ್ಪಿರಿಟ್ಟಿನಿಂದ ಒರೆಸಿ, ಫ್ರಿಜ್ಜಿನಲ್ಲಿಟ್ಟು ಓಡಿದೆ. ಮಧ್ಯಾಹ್ನ ವಾಪಸು ಬಂದು ಜೀನ್ ಓದುವ ಯಂತ್ರದೊಳಗಿಟ್ಟೆ. ಕೆಲಸ ಒಂದು ಮುಗಿಯಿತು.

ಮಾರ್ಚ್ ೧೫

ತಂಗಿಯ ಮನೆಗೆ ಹೋಗಿದ್ದೆವು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಯಾರ ಮುಖ ಕಂಡರೂ ಮೊದಲು ಮೂಗಿನ ಅಳತೆ. ಇವತ್ತು ತನ್ನ ಹೊಟ್ಟೆಯ ಕಡೆ ಕೈ ತೋರಿಸಿ “ಇದಕ್ಕೆ ನಮ್ಮಪ್ಪನ ಮೂಗು ಬಂದ್ರೆ ಕನ್ನಡಕ ನಿಲ್ಲೋದೇ ಇಲ್ಲ” ಎಂದಳು. ಅವಳ ಗಂಡ ಬಿದ್ದುಬಿದ್ದು ನಕ್ಕ. ಪಿಟೀಲು ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. ಅವಳು ಹಾಗೆ ಮಲಗುವುದು ಚಿಕ್ಕಮ್ಮನ ಮಡಿಲಲ್ಲಿ ಮಾತ್ರ. ನನಗೆ ಹೊಟ್ಟೆಕಿಚ್ಚು, ಬರೆದುಬಿಡುತ್ತೇನೆ.

ಹೊರಡುವಾಗ ತಂಗಿ ಕಿವಿಯ ಹತ್ತಿರ ಬಂದು ಮತ್ತೆ ಕೇಳಿದಳು. “ಬಂತಾ?” “ಇಲ್ಲ” ಎಂದೆ.

ಮಾರ್ಚ್ ೨೩

ಬಂತು.

ಫೈಲುಗಳು ಬಂದಿವೆ ಎಂದು ಬೆಳಿಗ್ಗೆ ತಿಳಿಯಿತು. ಅವನ್ನು ಮೊದಲು ತೆರೆಯಬೇಕಾದವನು ಜರಡಿ, ನಮ್ಮ ಕಂಪ್ಯೂಟರಿನವನು. ಯಂತ್ರ ಓದಿದ ರಾಶಿ ಜೀನ್ ಅಕ್ಷರಗಳನ್ನು ಸೋಸಿ ಕಾಳು ತೆಗೆಯುತ್ತಾನೆಂದು ಆ ಹೆಸರು. ಅವನ ತಂದೆಗೆ ಹೃದಯದ ಆಪರೇಷನ್, ಮೂರು ವಾರ ರಜೆ. ಅವನ ಮೇಜಿನ ಮೇಲಿನ ಗೋಡೆಗೆ ಲ್ಯಾಬಿನ ಮುಖ್ಯಸ್ಥೆ ಮೇಡಂ ತಮ್ಮ ಕೈಯಾರೆ ಬರೆದು ಅಂಟಿಸಿದ್ದಾರೆ: ಮೊದಲು ನೀರು ನೋಡಿ. ನೀರು ಸರಿಯಿದೆ ಎಂದು ಅವನು ಹೇಳುವ ತನಕ ಬೇರೆ ಯಾವ ಸಾಲನ್ನೂ ಯಾರೂ ಓದುವ ಹಾಗಿಲ್ಲ. ಓದಿದ ಮೇಲೂ, ಎರಡನೆಯ ಸಲ ರಕ್ತ ತೆಗೆದು ಖಾತ್ರಿ ಮಾಡಿಕೊಳ್ಳದೆ ಸಂಸಾರದವರಿಗೆ ಹೇಳುವ ಹಾಗಿಲ್ಲ.

ಎಲ್ಲರೂ ಊಟಕ್ಕೆ ಹೋದಾಗ ಅವನ ಕುರ್ಚಿಯಲ್ಲಿ ಕುಳಿತೆ. ಪಾಸ್‌ವರ್ಡು ಕೀಬೋರ್ಡಿನ ತಳಕ್ಕೆ ಅಂಟಿಸಿಟ್ಟಿದ್ದಾನೆ, ಜಾಣ. ಹದಿನಾಲ್ಕನ್ನು ಮಾತ್ರ ಹುಡುಕಿದೆ. ಆಟಿಸಂ ಜೊತೆ ನಂಟಿದೆಯೆಂದು ನಾವು ಪಟ್ಟಿ ಮಾಡಿಕೊಂಡಿರುವ ಜೀನ್‌ಗಳಲ್ಲಿ ಒಂದು ಮುರಿದಿದೆ. ೧೪-೨ರಲ್ಲಿ ಇದೆ. ೧೪-೩ರಲ್ಲಿ ಇಲ್ಲ. ೧೪-೧ರಲ್ಲಿ ಇದೆ.

ನನ್ನಿಂದ.

“ನಮ್ಮ ಕಡೆ ಇಂಥದ್ದು ಯಾರಿಗೂ ಇಲ್ಲಮ್ಮ” ಎಂದು ಅತ್ತೆ ಎಂಟು ವರ್ಷದಿಂದ ರಾಗ ಎಳೆದರು. ನಾನು ಎಂಟು ವರ್ಷದಿಂದ ಜಗಳವಾಡಿದೆ. ಅವರು ಹೇಳಿದ್ದೇ ಸರಿಯಾಯಿತು. ಮನೆಗೆ ಬಂದಾಗ ಮಗು ಬಾಗಿಲಲ್ಲೇ ನಿಂತಿತ್ತು. ಅದರ ಕಣ್ಣು ನನ್ನ ಕಣ್ಣೇ ಎಂದು ಎಲ್ಲರೂ ಹೇಳುತ್ತಿದ್ದರು, ಇವತ್ತು ಆ ಕಣ್ಣು ನೋಡಲು ಆಗಲಿಲ್ಲ. ಇವರಿಗೆ ಹೇಳಲಿಲ್ಲ.

ಮಾರ್ಚ್ ೨೫

ತಂಗಿಗೆ ಹೇಳಿದೆ. ಮಾತು ಕೊಟ್ಟಿದ್ದೆನಲ್ಲ.

ಕೆಲಸ ಮುಗಿಸಿ ನೇರ ನಮ್ಮ ಮನೆಗೇ ಬಂದಳು. ಕನ್ನಡಕ ಒರೆಸುವ ಬಟ್ಟೆಯನ್ನು ಕೈಯಲ್ಲಿ ಮಡಿಸುತ್ತ ಬಿಚ್ಚುತ್ತ ಕುಳಿತಳು.

“ಹಾಗಾದ್ರೆ ನನಗೂ ಇದೆಯಾ?”

“ಇರಬಹುದು, ಇಲ್ಲದೇನೂ ಇರಬಹುದು. ಅರ್ಧ ಅರ್ಧ. ನಿನ್ನ ರಕ್ತ ನೋಡಬೇಕು.”

“ಎಷ್ಟು ದಿನ?”

“ಮೂರು ವಾರ. ಕದ್ದುಮುಚ್ಚಿ ಮಾಡಿಸಬೇಕು, ಹೆಚ್ಚೇ ಆಗಬಹುದು.”

“ಹಾಗೆ ಕಾಯ್ತಾ ಕೂತ್ರೆ ಇದು ಒದೆಯೋಕೆ ಶುರು ಮಾಡುತ್ತೆ ಅಕ್ಕ. ಆಮೇಲೆ ನನ್ನ ಕೈಲಾಗಲ್ಲ.”

ಇದ್ದರೂ ಮಗುವಿಗೆ ಬಂದೇ ಬರುತ್ತದೆ ಎಂದಿಲ್ಲ, ಬಂದರೂ ಹೀಗೇ ಆಗುತ್ತದೆ ಎಂದಿಲ್ಲ, ನನಗೇ ಇದ್ದರೂ ನಾನು ಲ್ಯಾಬಿನಲ್ಲಿ ದುಡಿಯುತ್ತಿಲ್ಲವೇ: ಇದೆಲ್ಲ ನನಗೆ ಗೊತ್ತು. ಒಂದೆರಡು ಮಾತು ಹೇಳಿದೆ ಕೂಡ. ಗಟ್ಟಿಯಾಗಿ ಹೇಳಲಿಲ್ಲ. ನೆಲದ ಮೇಲೆ ಮಗು ಮುಚ್ಚಳ ಜೋಡಿಸುತ್ತ ಕುಳಿತಿತ್ತು. ತಂಗಿ ಅದನ್ನು ತುಂಬ ಹೊತ್ತು ನೋಡಿ ಕೇಳಿದಳು, “ನಿಜ ಹೇಳು. ನಿನಗೆ ಮೊದಲೇ ಗೊತ್ತಿದ್ದಿದ್ರೆ ಇವಳನ್ನ ಇಟ್ಕೊಳ್ತಿದ್ದೆಯಾ?”

ನಿನ್ನೆ ಸ್ನಾನ ಮಾಡಿಸುವಾಗ ಮಗು ನನ್ನ ತೋಳು ಕಚ್ಚಿತ್ತು, ಹಲ್ಲಿನ ಗುರುತು ಇನ್ನೂ ಉರಿಯುತ್ತಿತ್ತು, ಅದನ್ನು ಉಜ್ಜಿಕೊಂಡೆ. ತಂಗಿ ನನ್ನ ಮುಖ ನೋಡಲಿಲ್ಲ, ಆ ಕೈಯನ್ನೇ ನೋಡಿದಳು. ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಏಪ್ರಿಲ್ ೧

ಆಯಿತು. ಹನ್ನೊಂದು ವಾರಕ್ಕೆ ತೆಗೆಸಿದಳು. ನಾನು ಆಸ್ಪತ್ರೆಯಲ್ಲಿ ಹೊರಗೆ ಬೆಂಚಿನ ಮೇಲೆ ಅವಳ ಕನ್ನಡಕ ಹಿಡಿದುಕೊಂಡು ಕುಳಿತಿದ್ದೆ. ಹೊರಗೆ ಬಂದಾಗ ಅದನ್ನು ಹಾಕಿಕೊಳ್ಳಲು ಮರೆತು, ಗೋಡೆ ಮುಟ್ಟಿಕೊಂಡು ನಡೆದಳು.

ಏಪ್ರಿಲ್ ೪

ಏನೂ ಇಲ್ಲ.

ಏಪ್ರಿಲ್ ೯

೧೪-೨ ಇವತ್ತು ಊಟ ಮಾಡಲಿಲ್ಲ. ಐದರಿಂದ ಆರರವರೆಗೆ ಮೂವತ್ತೆಂಟು ನಿಮಿಷ ಗುಂಯ್ ಎಂದಿತು. ನಿನ್ನೆ ಮೂವತ್ತೊಂದು. ಈ ಜೀನ್ ಇರುವವರಲ್ಲಿ ವಯಸ್ಸಾದಂತೆ ಹೆಚ್ಚುತ್ತದೆಯೇ ಎಂದು ನೋಡಬೇಕು, ಒಂದು ಪಟ್ಟಿ ಶುರು ಮಾಡಿದ್ದೇನೆ.

ಇವರು ಲಿಫ್ಟ್ ರಿಪೇರಿ ಮಾಡುವವರು, ದಿನವಿಡೀ ಬಾವಿಯಂಥ ಕತ್ತಲಲ್ಲಿ ನೇತಾಡಿ ಬಂದು ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಇವತ್ತು ಊಟಕ್ಕೆ ಕುಳಿತಾಗ ಕೇಳಿದರು, “ಅವಳನ್ನ ಹೆಸರು ಹಿಡಿದು ಕರೆದು ಎಷ್ಟು ದಿನ ಆಯ್ತು ನೀನು?”

“ಕರೆದ್ರೆ ತಿರುಗಿ ನೋಡ್ತಾಳಾ?” ಎಂದೆ.

“ನಾನು ಕರೆದ್ರೆ ಗುಂಯ್ ಅನ್ನೋದು ನಿಲ್ಲಿಸ್ತಾಳೆ. ಕೇಳಿಸ್ಕೊಳ್ತಿದ್ದಾಳೆ ಅಂತ ಅರ್ಥ.”

ಇವರಿಗೇನು ಗೊತ್ತು. ಸಾಕಾಗಿದೆ, ಅಷ್ಟೇ. ತಂಗಿ ಫೋನು ಎತ್ತುತ್ತಾಳೆ, ಹೂಂ, ಉಹುಂ, ಇಡುತ್ತಾಳೆ. ನಮ್ಮ ಮನೆಗೆ ಬರುವುದು ಬಿಟ್ಟಿದ್ದಾಳೆ. ಮಗುವಿನ ಮುಖ ನೋಡಲು ಆಗುವುದಿಲ್ಲವಂತೆ.

ಏಪ್ರಿಲ್ ೧೬

ಜರಡಿ ಬಂದ. ತಂದೆ ಚೆನ್ನಾಗಿದ್ದಾರಂತೆ, ಎಲ್ಲರಿಗೂ ಬಿಸ್ಕತ್ತು ಹಂಚಿದ. ಕಂಪ್ಯೂಟರಿನ ಮುಂದೆ ಕುಳಿತು ಹತ್ತು ನಿಮಿಷ ಆಗಿಲ್ಲ, ಜೋರಾಗಿ ನಗಲು ಶುರು ಮಾಡಿದ.

“ಬನ್ನಿ ಇಲ್ಲಿ, ನಿಮ್ಮ ಪ್ಲೇಟಿನ ವಿಶೇಷ ನೋಡಿ. ಅಮ್ಮಂದಿರೆಲ್ಲ ಗಂಡಸರು, ಅಪ್ಪಂದಿರೆಲ್ಲ ಹೆಂಗಸರು. ಮೊದಲನೇ ಸಂಸಾರದಲ್ಲಂತೂ ಅಮ್ಮ ಬರೀ ನೀರು.”

ನನಗೆ ಅರ್ಥವಾಗಲಿಲ್ಲ. “ಕೊನೇ ಕುಳಿ ನೋಡು, ನೀರಿರೋದು ಅಲ್ಲಿ” ಎಂದೆ.

“ಅಲ್ಲಿ ಯಾರೋ ಕೂತಿದ್ದಾರೆ. ನೀರು ಮೊದಲನೇದಕ್ಕೆ ಬಂದಿದೆ. ಪ್ಲೇಟು ತಿರುಗಿಸಿ ಇಟ್ಟಿದ್ದೀರಿ. ಆ ತುದಿ ಈ ಕಡೆ ಬಂದಿದೆ.”

ಚುಕ್ಕೆ. ಮಾರ್ಕರಿನ ಚುಕ್ಕೆ ಸ್ಪಿರಿಟ್ಟಿಗೆ ಅಳಿಸಿಹೋಗುತ್ತದೆ. ಲ್ಯಾಬಿಗೆ ಬಂದ ಹೊಸಬರಿಗೆಲ್ಲ ಮೊದಲ ದಿನವೇ ನಾನು ಹೇಳಿಕೊಡುವುದು ಅದನ್ನೇ.

ಜರಡಿ ನಗುತ್ತಲೇ ಪಟ್ಟಿಯನ್ನು ತಲೆಕೆಳಗು ಮಾಡಿದ, ಐದು ನಿಮಿಷದ ಕೆಲಸ. ನೀರು ತನ್ನ ಜಾಗಕ್ಕೆ ಹೋಯಿತು, ಅಮ್ಮಂದಿರು ಅಮ್ಮಂದಿರಾದರು. “ನೋಡಿ, ಈಗ ಎಲ್ಲಾ ಸರಿ. ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀರಿ?”

“ಹದಿನಾಲ್ಕು ತೋರಿಸು” ಎಂದೆ.

“ಯಾಕೆ?”

“ತೋರಿಸು ಮಾರಾಯ.”

ಹದಿನಾಲ್ಕರಲ್ಲಿ ಏನೂ ಇಲ್ಲ. ಅಮ್ಮ, ಮಗು, ಅಪ್ಪ, ಮೂವರಲ್ಲೂ ಏನೂ ಸಿಕ್ಕಿಲ್ಲ. ನಾನು ಓದಿದ್ದು ಹತ್ತೊಂಬತ್ತನೆಯ ಸಂಸಾರವನ್ನು. ನನ್ನ ಕುಳಿ ಎಂದುಕೊಂಡಿದ್ದು ಯಾರೋ ಒಬ್ಬ ಅಪ್ಪನದು.

ಏಪ್ರಿಲ್ ೧೭

ಪ್ಲೇಟು ತಿರುಗಿಸಿದ್ದನ್ನು ಮೇಡಂಗೆ ಹೇಳಿದೆ. ಕದ್ದು ಓದಿದ್ದನ್ನು ಹೇಳಲಿಲ್ಲ. ಕೆಲಸ ಹೋಗುತ್ತದೆಂದಲ್ಲ, ಅದನ್ನು ಹೇಳಿದರೆ ಆಮೇಲಿನದನ್ನೂ ಹೇಳಬೇಕಾಗುತ್ತದೆ. ಅವರು ಬೈಯಲಿಲ್ಲ.

“ಅದಕ್ಕೇ ಅಲ್ವಾ ನೀರು ಇಡೋದು. ಯಾವ ಸಂಸಾರಕ್ಕೂ ಇನ್ನೂ ಏನೂ ಹೇಳಿಲ್ಲ ತಾನೆ? ಹಾಗಾದ್ರೆ ಯಾರಿಗೂ ನಷ್ಟ ಇಲ್ಲ ಬಿಡಿ.”

ನಾನು ತಲೆಯಾಡಿಸಿದೆ. ಬಾಗಿಲ ತನಕ ಹೋದವಳು ತಿರುಗಿ, ಹತ್ತೊಂಬತ್ತರ ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದೆ. ಅವರು ಕಡತ ನೋಡಿದರು. “ಗಣಿತದ ಮೇಷ್ಟ್ರು. ಅವರಿಗೂ ಅದೇ ಜೀನ್ ಮುರಿದಿದೆ, ಮಾತಿಗೇನೂ ತೊಂದರೆಯಿಲ್ಲ. ಬರೀ ಇದನ್ನ ನೋಡಿ ಮನುಷ್ಯ ಹೀಗೇ ಆಗ್ತಾನೆ ಅಂತ ಹೇಳೋಕೆ ನಮಗೆ ಇನ್ನೂ ಬರಲ್ಲ. ನಿಮಗೆ ಗೊತ್ತಲ್ಲ.”

ಗೊತ್ತು. ಗೊತ್ತಿತ್ತು.

ಏಪ್ರಿಲ್ ೨೦

ತಂಗಿಗೆ ಹೇಳದಿದ್ದರೆ ಏನಾಗುತ್ತದೆ? ಅವಳು ಒಂದು ಕಾರಣಕ್ಕಾಗಿ ಮಾಡಿದೆ ಎಂದುಕೊಂಡು ಬದುಕುತ್ತಾಳೆ. ಹೇಳಿದರೆ ಆ ಕಾರಣವೂ ಇಲ್ಲ. ಸುಮ್ಮನಿರುವುದೇ ದೊಡ್ಡ ಉಪಕಾರ ಎಂದು ನಿರ್ಧರಿಸಿದೆ. ಗುಂಯ್ ಎನ್ನುವುದರ ಪಟ್ಟಿಯನ್ನು ಹರಿದುಹಾಕಿದೆ. ಪಟ್ಟಿ ಮಾಡುವುದಕ್ಕೆ ಏನಿದೆ, ಜೀನೇ ಇಲ್ಲದ ಮೇಲೆ. ಮಗು ಬಂದು ಆ ಚೂರುಗಳನ್ನು ಒಂದೊಂದಾಗಿ ಆರಿಸಿ ಟ್ರೇಯ ಕುಳಿಗಳಲ್ಲಿ ಹಾಕಿತು.

ಏಪ್ರಿಲ್ ೨೪

ತಂಗಿ ತಾನಾಗಿಯೇ ಫೋನು ಮಾಡಿದಳು. ಧ್ವನಿ ಚೆನ್ನಾಗಿತ್ತು, ಅದೇ ಹೆದರಿಕೆ ತಂದಿತು.

“ಅಕ್ಕ, ಇಪ್ಪತ್ತೊಂಬತ್ತಕ್ಕೆ ಆಪರೇಷನ್ ಮಾಡಿಸ್ಕೊಳ್ತಿದ್ದೀನಿ. ಇನ್ನು ಮಕ್ಕಳೇ ಆಗದ ಹಾಗೆ. ಇವರೂ ಒಪ್ಪಿದ್ರು.”

“ಯಾಕೆ ಅವಸರ?”

“ನಮ್ಮ ರಕ್ತದಲ್ಲೇ ಇದೆ ಅಂದ ಮೇಲೆ ಇನ್ನೇನು ಕಾಯೋದು? ಮತ್ತೊಂದು ಸಲ ಆ ಬೆಂಚಿನ ಹತ್ರ ಹೋಗೋಕೆ ನನಗಾಗಲ್ಲ. ನೀನು ಬರ್ತೀಯಲ್ಲ ಜೊತೆಗೆ?”

“ಬರ್ತೀನಿ” ಎಂದೆ. ಬೇರೇನು ಹೇಳಲಿ?

ಫೋನು ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಉಪಕಾರವಂತೆ, ಉಪಕಾರ. ನನ್ನ ಬಾಯಿಗೆ ಬೆಂಕಿ ಬೀಳಲಿ. ಇವರು ಕೆಲಸದಿಂದ ಬಂದು ಕಂಡರು. ಎಲ್ಲವನ್ನೂ ಹೇಳಿದೆ, ಅತ್ತೆಯ ಮಾತಿನಿಂದ ಹಿಡಿದು ಚುಕ್ಕೆಯವರೆಗೆ. ಇವರು ಸಾಧನಗಳ ಚೀಲವನ್ನು ಹೆಗಲಿನಿಂದ ಇಳಿಸದೆ ನಿಂತೇ ಕೇಳಿದರು.

“ಒಂದು ತಿಂಗಳು ನನ್ನ ಹತ್ರ ಹೇಳಲಿಲ್ಲ ನೀನು.”

“ಇಲ್ಲ.”

“ಅವಳಿಗೆ ಹೇಳು. ಇಪ್ಪತ್ತೊಂಬತ್ತರ ಒಳಗೆ.” ಅಷ್ಟೇ ಹೇಳಿ ಒಳಗೆ ಹೋಗಿ ಪಿಟೀಲಿನ ಪಕ್ಕ ಕುಳಿತರು.

ಏಪ್ರಿಲ್ ೨೬

ತಂಗಿಯನ್ನು ಇಲ್ಲಿಗೇ ಕರೆದೆ. ಬರುವುದಿಲ್ಲ ಎಂದಳು, ಕಾಲು ಹಿಡಿಯುತ್ತೇನೆ ಎಂದೆ, ಬಂದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. “ನಾನು ಒಂದು ತಪ್ಪು ಮಾಡಿದ್ದೀನಿ, ಪೂರ್ತಿ ಕೇಳು, ಮಧ್ಯದಲ್ಲಿ ಎದ್ದು ಹೋಗಬೇಡ” ಎಂದೆ. ಪ್ಲೇಟು, ಕುಳಿ, ನೀರು. ಅವಳು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು, ಅರ್ಥವಾಗುತ್ತಿರಲಿಲ್ಲ. ಕೊನೆಗೆ ನೆಲದ ಮೇಲಿದ್ದ ಮೊಟ್ಟೆಯ ಟ್ರೇ ಎಳೆದುಕೊಂಡೆ. “ನಾವು ಈ ಸಾಲಲ್ಲಿದ್ವಿ. ಬೇರೆಯವರು ಆ ಸಾಲಲ್ಲಿ. ನಾನು ಯಂತ್ರದೊಳಗೆ ಇಡುವಾಗ...” ಎಂದು ಟ್ರೇಯನ್ನು ತಿರುಗಿಸಿದೆ. “ಹೀಗೆ ಇಟ್ಟೆ.”

ಮೂಲೆಯಲ್ಲಿದ್ದ ಪಿಟೀಲು ಎದ್ದು ಬಂದಳು. ಕಿರುಚಲಿಲ್ಲ. “ಹೀಗಲ್ಲ” ಎಂದು ಟ್ರೇಯನ್ನು ತಿರುಗಿಸಿ ಮೊದಲಿದ್ದ ಹಾಗೆ ಇಟ್ಟಳು.

ತಂಗಿ ಟ್ರೇಯನ್ನು ನೋಡಿದಳು. ಎಲ್ಲ ಕುಳಿಯಲ್ಲೂ ನೀಲಿ ಮುಚ್ಚಳ, ಎರಡೂ ತುದಿ ಒಂದೇ ಥರ. ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತು, ತಾನೇ ಒಮ್ಮೆ ತಿರುಗಿಸಿದಳು. “ಹೀಗಲ್ಲ” ಎಂದು ಪಿಟೀಲು ತಿರುಗಿಸಿಟ್ಟಳು. ತಂಗಿ ಮತ್ತೆ ತಿರುಗಿಸಿದಳು. ಪಿಟೀಲು ಮತ್ತೆ. ನಾಲ್ಕೈದು ಸಲ. ತಂಗಿಯ ಕನ್ನಡಕದೊಳಗಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಹಾಗಾದ್ರೆ ನಿನ್ನಲ್ಲಿ ಇಲ್ಲ” ಎಂದಳು.

“ಇಲ್ಲ.”

“ನನ್ನಲ್ಲೂ...”

“ಅದು ಇರೋಕೆ ಯಾವ ಕಾರಣಾನೂ ಇಲ್ಲ.”

“ನನ್ನ ಹೊಟ್ಟೇಲಿದ್ದದ್ರಲ್ಲೂ ಇರಲಿಲ್ಲ.”

ನಾನು ತಲೆ ತಗ್ಗಿಸಿದೆ. ಗೊತ್ತಿರಲಿಲ್ಲ, ಯಾರಿಗೂ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ನಿಜವಾದ ಉತ್ತರ. ಅದನ್ನು ಹೇಳುವ ಧೈರ್ಯ ಬರಲಿಲ್ಲ. ಅವಳು ಎದ್ದು ನಿಂತಳು.

“ಅವತ್ತು ನಾನೊಂದು ಮಾತು ಕೇಳಿದ್ದೆ, ನೀನು ಕೈ ಉಜ್ಜಿಕೊಂಡೆ. ನಾನು ನಿಮ್ಮ ಜೀನ್ ಕೇಳಿ ಅಲ್ಲಿಗೆ ಹೋಗಲಿಲ್ಲ ಅಕ್ಕ. ಆ ಕೈ ನೋಡಿ ಹೋದೆ.”

ಹೋಗುವಾಗ ನನ್ನ ಜೊತೆ ಮಾತಾಡಲಿಲ್ಲ. ಪಿಟೀಲಿನ ತಲೆ ಮುಟ್ಟಿ “ಬರ್ತೀನಿ” ಎಂದಳು. ಪಿಟೀಲು ಗುಂಯ್ ಎನ್ನುವುದನ್ನು ನಿಲ್ಲಿಸಿದಳು. ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ಶುರು ಮಾಡಿದಳು.

ಏಪ್ರಿಲ್ ೨೭

ಮೇಡಂಗೆ ಉಳಿದದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಳೆಯಿಂದ ಲ್ಯಾಬಿಗೆ ಬರಬೇಡಿ ಎಂದರು. ಸರಿ ಎಂದೆ.

ಏಪ್ರಿಲ್ ೩೦

ತಂಗಿಯ ಗಂಡ ಫೋನು ಮಾಡಿದ್ದ, ಇವರಿಗೆ. ನಿನ್ನೆಯ ಆಪರೇಷನ್ ಬೇಡವೆಂದು ತಂಗಿ ಆಸ್ಪತ್ರೆಗೆ ಹೇಳಿಬಿಟ್ಟಿದ್ದಾಳಂತೆ. ನಾನು ಅವರ ಮನೆಗೆ ಬರಬಾರದಂತೆ, ಫೋನೂ ಮಾಡಬಾರದಂತೆ. ಎಷ್ಟು ದಿನ ಎಂದು ಇವರು ಕೇಳಿದ್ದಕ್ಕೆ, ಅದನ್ನು ಹೇಳಿಲ್ಲ ಎಂದನಂತೆ.

ಭಾನುವಾರ ಪಿಟೀಲನ್ನು ಮಾತ್ರ ಕಳಿಸಬೇಕಂತೆ. ಪ್ರತಿ ಭಾನುವಾರ.

ಇವರು ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ನಾನು ಅವಳ ಚೀಲ ತುಂಬಿಟ್ಟೆ: ಒಂದು ಜೊತೆ ಬಟ್ಟೆ, ಟವೆಲು, ನೀರಿನ ಬಾಟಲಿ. ಟ್ರೇಯನ್ನು ಹಾಗೇ ತುರುಕಲು ಹೋದವಳು ನಿಲ್ಲಿಸಿ ಕರೆದೆ, “ಪಿಟೀಲೂ.” ಗುಂಯ್ ನಿಂತಿತು. “ಇದನ್ನ ಹೇಗೆ ಇಡಬೇಕು, ತೋರಿಸಮ್ಮ” ಎಂದೆ. ಬಂದು ಇಟ್ಟು ತೋರಿಸಿದಳು.